ಚಳಿಗಾಲದ ಒಂದು ದಿನ: ಒಲೆ, ಹಿತ್ತಲು ಮತ್ತು ವಿಶ್ರಾಂತಿ
(ಮನೆಗೆ ಹೊರಟ ರೋಗಿಗಳು ಹಾಗೂ ಅವರ ಮನೆಯವರಿಗಾಗಿ ನೀಡಿದ ಉಪನ್ಯಾಸ)



ತಮ್ಮಲ್ಲಿ ಅನೇಕರು ಇಂದು ನಾಳೆ ಡಿಸ್ಚಾರ್ಜ್ ಆಗಿ ಊರಿಗೆ ಹೊರಟವರು. ಕೈಯಲ್ಲಿರುವ ಚೀಟಿಯ ಕೊನೆಗೆ ‘ವಿಶ್ರಾಂತಿ’ ಎಂದು ಬರೆದಿರುತ್ತದೆ. ಗುಳಿಗೆ ಊಟಕ್ಕೆ ಮೊದಲೋ, ಆಮೇಲೋ ಎಂದು ಎಲ್ಲರೂ ಕೇಳುತ್ತೀರಿ. ಈ ಒಂದು ಶಬ್ದದ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಗಂಡಸರು ಅದನ್ನು ದಿನವಿಡೀ ಹಾಸಿಗೆಯಲ್ಲಿ ಬಿದ್ದುಕೊಂಡಿರುವುದು ಎಂದು ತಿಳಿಯುತ್ತಾರೆ. ಹೆಣ್ಣುಮಕ್ಕಳ ವಿಶ್ರಾಂತಿಯೋ, ಬಸ್ಸಿನಿಂದ ಇಳಿದು ಮನೆಯ ಹೊಸ್ತಿಲು ದಾಟುವವರೆಗೆ ಮಾತ್ರ. ಎರಡೂ ಸರಿಯಲ್ಲ. ಆದ್ದರಿಂದ ಚಳಿಗಾಲದ ಒಂದು ದಿನವನ್ನೇ ತೆಗೆದುಕೊಂಡು, ಅದನ್ನು ಮನೆಯಲ್ಲಿ ಹೇಗೆ ಕಳೆಯಬಹುದು ಎಂದು ಮಾತನಾಡೋಣ.

ಡಿಸೆಂಬರ್, ಜನವರಿಯಲ್ಲಿ ಬೀದರ, ವಿಜಯಪುರದ ಕಡೆ ರಾತ್ರಿಯ ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಚಳಿಗೆ ರಕ್ತನಾಳಗಳು ಬಿಗಿಯಾಗಿ ರಕ್ತದೊತ್ತಡ ಏರುತ್ತದೆ. ಹೃದಯಾಘಾತ, ಪಾರ್ಶ್ವವಾಯು ಚಳಿಗಾಲದಲ್ಲಿ ಹೆಚ್ಚು, ಅದರಲ್ಲೂ ಬೆಳಗಿನ ಹೊತ್ತು ಹೆಚ್ಚು. ಇಂಥ ಕಾಯಿಲೆ ಇದ್ದವರು ನಸುಕಿನಲ್ಲಿ ಎದ್ದು ತಣ್ಣೀರು ಸ್ನಾನ ಮಾಡುವ ಹಟ ಬಿಡಬೇಕು. ಅಂಗಳಕ್ಕೆ ಬಿಸಿಲು ಬಿದ್ದ ಮೇಲೆ ಬಿಸಿನೀರಿನ ಸ್ನಾನ, ಆಮೇಲೆ ನಿಧಾನವಾಗಿ ನಡಿಗೆ. ಕದ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟುಕೊಂಡು ಮಲಗಲೇಬೇಡಿರಿ. ಅದರಿಂದ ಬರುವ ವಿಷಗಾಳಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದವರು ಬೆಂಕಿಗೆ ಕಾಲು ಕಾಯಿಸಬಾರದು, ಬಿಸಿನೀರಿನ ಚೀಲವನ್ನೂ ಇಡಬಾರದು. ಸುಟ್ಟದ್ದು ಅವರಿಗೆ ತಿಳಿಯುವುದಿಲ್ಲ. ಗಾಯ ಕಂಡಾಗ ಕಾಲ ಮೀರಿರುತ್ತದೆ. ಉಣ್ಣೆಯ ಅಥವಾ ದಪ್ಪ ಹತ್ತಿಯ ಕಾಲುಚೀಲ ಸಾಕು.

ಇನ್ನು ಅಡಿಗೆಯ ಮಾತು. ಚಳಿಗಾಲದಷ್ಟು ಸೊಗಸಾಗಿ ಉಣ್ಣುವ ಕಾಲ ನಮ್ಮ ಕಡೆ ಬೇರೆ ಇಲ್ಲ. ಮೆಂತ್ಯೆ ಸೊಪ್ಪು, ಕಡಲೆ ಸೊಪ್ಪು, ಎಳೆ ಬದನೆ, ಅವರೆಕಾಯಿ ಎಲ್ಲ ಒಟ್ಟಿಗೇ ಬರುತ್ತವೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಹೋಗುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಾಳುಪಲ್ಯ ಯಾರಿಗೆ ಬೇಡ? ಕಾಯಿಲೆಯವರು ನೋಡುತ್ತ ಕೂಡಬೇಕಾಗಿಲ್ಲ. ಸಿಪ್ಪೆ ಸಹಿತ ಎಳ್ಳಿನಲ್ಲಿ 100 ಗ್ರಾಂಗೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ವಯಸ್ಸಾದ ತಾಯಂದಿರ ಎಲುಬಿಗೆ ದಿನಕ್ಕೆ ಒಂದೆರಡು ಚಮಚೆ ಎಳ್ಳಿನ ಪುಡಿ ಒಳ್ಳೆಯದೇ. ಆದರೆ ಅದೇ ಎಳ್ಳು ಬೆಲ್ಲದ ಪಾಕದಲ್ಲಿ ಉಂಡೆಯಾದರೆ ಸಕ್ಕರೆ ಕಾಯಿಲೆಯವರಿಗೆ ಆಗದು. ‘ಬೆಲ್ಲ ನಡೀತದ್ರೀ’ ಎಂದು ಹೇಳುವ ನೆರೆಯವರ ಮಾತು ಕೇಳಬೇಡಿರಿ.

ಉಪ್ಪಿನ ವಿಷಯ ಇದಕ್ಕಿಂತ ದೊಡ್ಡದು. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚೆಯೊಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಲ್ಯಕ್ಕೆ ಉಪ್ಪು ಕಡಿಮೆ ಹಾಕಿ, ಪಕ್ಕದಲ್ಲಿ ಶೇಂಗಾ ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಡಿಸಿಕೊಂಡರೆ ಲೆಕ್ಕ ತಪ್ಪಿತು. ಚಟ್ನಿಪುಡಿ ಕುಟ್ಟುವಾಗಲೇ ಬಿ.ಪಿ. ಇದ್ದವರ ಪಾಲನ್ನು ಉಪ್ಪಿಲ್ಲದೆ ಬೇರೆ ಡಬ್ಬಿಗೆ ತೆಗೆದಿಡಿರಿ. ಲಿಂಬೆಹುಳಿ, ಹುರಿದ ಜೀರಿಗೆ, ಬೆಳ್ಳುಳ್ಳಿ ಇದ್ದರೆ ನಾಲ್ಕಾರು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಈಗ ಮನೆಯವರಿಗೆ ಒಂದು ಮಾತು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಹೆಣ್ಣುಮಗಳು ಸುಮಾರು ಆರು ವಾರ ತುಂಬಿದ ಕೊಡ ಎತ್ತಬಾರದು, ಹಿಟ್ಟಿನ ಡಬ್ಬಿ ಜಗ್ಗಬಾರದು, ಬಗ್ಗಿ ಕುಳಿತು ರಾಶಿ ರೊಟ್ಟಿ ಬಡಿಯಬಾರದು. ಹೊಲಿಗೆ ಹೊರಗೆ ಒಣಗಿದಂತೆ ಕಂಡರೂ ಒಳಗಿನ ಪದರ ಬಲಿಯಲು ಸಮಯ ಬೇಕು. ಆಕೆ ‘ಸುಮ್ನ ಕುಂದ್ರಾಕ ಆಗೂದಿಲ್ರೀ’ ಎನ್ನುತ್ತಾಳೆ, ನಿಜ. ಆದರೆ ಎದ್ದು ಮಾಡುವವರು ಬೇರೆ ಯಾರೂ ಇಲ್ಲದ್ದರಿಂದ ಹಾಗೆನ್ನುತ್ತಾಳೆ. ಯಜಮಾನರು ನೀರು ತರಲಿ, ಮಗ ಅನ್ನಕ್ಕಿಡಲಿ. ಖಡಕ್ ರೊಟ್ಟಿ ಈಗ ಅಂಗಡಿಯಲ್ಲಿ ಸಿಗುತ್ತದೆ, ಆರು ವಾರ ಕೊಂಡು ತಂದರೆ ಮನೆತನದ ಮರ್ಯಾದೆಯೇನೂ ಹೋಗುವುದಿಲ್ಲ. ಆಕೆಗೆ ಕೆಲಸ ಬೇಕೇ ಬೇಕೆಂದರೆ ಬಿಸಿಲಲ್ಲಿ ಕುರ್ಚಿ ಹಾಕಿ, ಮೊರದಲ್ಲಿ ಅವರೆಕಾಯಿ ಕೊಡಿರಿ. ಕಾಳು ಬಿಡಿಸುವುದು, ಸೊಪ್ಪು ಸೋಸುವುದು ವಿಶ್ರಾಂತಿಯ ಲೆಕ್ಕಕ್ಕೇ ಬರುತ್ತದೆ. ಪಾರ್ಶ್ವವಾಯುವಿನಿಂದ ಕೈ ಸೋತವರಿಗೆ ಅದು ಬೆರಳಿಗೆ ಒಳ್ಳೆಯ ವ್ಯಾಯಾಮವೂ ಹೌದು.

ಮಧ್ಯಾಹ್ನ ಊಟವಾಗಿ ಸ್ವಲ್ಪ ಹೊತ್ತು ಮಲಗಿ ಎದ್ದ ಮೇಲೆ ಕುರ್ಚಿಯನ್ನು ಹಿತ್ತಲಿಗೆ ಸರಿಸಿರಿ. ಒಂದು ಹಾಳೆ, ಪೆನ್ನು ಇರಲಿ. ಕಾಯಿಲೆಯವರನ್ನು ಮೂಲೆಗೆ ಕೂಡಿಸಿ ‘ನೀವು ಸುಮ್ಮನಿರ್ರಿ’ ಎಂದರೆ ಅವರು ಇನ್ನಷ್ಟು ಕುಗ್ಗುತ್ತಾರೆ. ಯಾವ ಮಡಿಯಲ್ಲಿ ಏನು ಹಾಕಬೇಕೆಂದು ನಿರ್ಧರಿಸುವ ಅಧಿಕಾರ ಅವರಿಗಿರಲಿ, ಗುದ್ದಲಿ ಮೊಮ್ಮಗನ ಕೈಯಲ್ಲಿರಲಿ.

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗವಿದ್ದರೂ ಸಾಕು. ಮೆಂತ್ಯೆ ಈಗ ಬಿತ್ತಿದರೆ ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಒಂದೇ ದಿನ ಪೂರ್ತಿ ಬಿತ್ತದೆ, ವಾರಕ್ಕೊಂದು ಪಟ್ಟಿಯಂತೆ ಬಿತ್ತಿರಿ. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳಾಗಿಸಿ ಹಾಕಬೇಕು. ಮೂಲಂಗಿಗೆ ಆರೇಳು ವಾರ ಹಿಡಿಯುತ್ತದೆ. ಬೆಂಡೆಗೆ ಅವಸರ ಬೇಡ, ಚಳಿಯಲ್ಲಿ ಅದು ಸರಿಯಾಗಿ ಮೊಳೆಯುವುದಿಲ್ಲ. ಬೆಂಡೆ, ಹೀರೆ, ಸೌತೆಗಳನ್ನು ಜನವರಿ ಕೊನೆಗೆ ಅಥವಾ ಫೆಬ್ರವರಿಯಲ್ಲಿ ಹಾಕಿದರೆ ಬೇಸಿಗೆಗೆ ಕಾಯಿ ಸಿಗುತ್ತದೆ. ಆದರೆ ಏಪ್ರಿಲ್‌ನಲ್ಲಿ ನೀರು ಎಷ್ಟಿರುತ್ತದೆ ಎಂಬುದನ್ನು ಮೊದಲು ನೆನೆದು, ಅಷ್ಟಕ್ಕೆ ತಕ್ಕಂತೆ ಮಡಿ ಗುರುತಿಸಿರಿ. ಕರಿಬೇವು, ಪಪ್ಪಾಯಿಗಳಿಗೆ ಬಚ್ಚಲ ನೀರು ಸಾಕು. ನೀರು ನಿಂತು ಸೊಳ್ಳೆಯಾಗದಂತೆ ಕಾಲುವೆ ತೋಡಿಸಿರಿ, ಪೀಪಾಯಿಗೆ ಮುಚ್ಚಳವಿರಲಿ.

ಸಕ್ಕರೆ ಕಾಯಿಲೆಯವರು ಹಿತ್ತಲಿಗೂ ಮುಚ್ಚಿದ ಚಪ್ಪಲಿ ಇಲ್ಲದೆ ಹೋಗಬಾರದು. ದಮ್ಮು ಇದ್ದವರು ಒಣ ಗೊಬ್ಬರ ಕೆದರುವಾಗ ದೂರವಿರಬೇಕು. ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಒಳಗೆ ಬನ್ನಿರಿ, ಬೇಗ ಊಟ ಮಾಡಿ ಗುಳಿಗೆ ತೆಗೆದುಕೊಳ್ಳಿರಿ. ರಾತ್ರಿ ಎದೆ ಹಿಡಿದಂತಾದರೆ, ಬಾಯಿ ವಾರೆಯಾದರೆ, ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿರಿ.

ಮುಂದಿನ ತಪಾಸಣೆಗೆ ಬರುವಾಗ ಆ ಹಿತ್ತಲಿನ ಹಾಳೆಯನ್ನೂ ಚೀಟಿಯೊಂದಿಗೆ ತನ್ನಿರಿ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಕೆಲವು ಸೊಪ್ಪು, ತರಕಾರಿಗಳನ್ನು ಮಿತಿಗೊಳಿಸಬೇಕಾಗುತ್ತದೆ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಗುಳಿಗೆ ತೆಗೆದುಕೊಳ್ಳುವವರು ಸೊಪ್ಪನ್ನು ಒಂದು ದಿನ ರಾಶಿಯಾಗಿ ತಿಂದು ಮರುದಿನ ಬಿಡುವಂತಿಲ್ಲ, ದಿನವೂ ಒಂದೇ ಅಳತೆಯಲ್ಲಿ ತಿನ್ನಬೇಕು. ಯಾವುದನ್ನು ಹೆಚ್ಚು ಬೆಳೆಯಬೇಕು, ಯಾವುದನ್ನು ನೆರೆಮನೆಗೆ ಹಂಚಬೇಕು ಎಂದು ಆಗ ಕೂತು ಗುರುತು ಹಾಕೋಣ. ಈಗ ಕೇಳುವುದಿದ್ದವರು ಕೇಳಿರಿ.