ಸ್ಟೇಷನ್ ಬೋರ್ಡಲ್ಲಿ ಹೆಸರಿದೆಯಾ?



ಇವತ್ತು ಒಂದು ಬೋರ್ಡ್ ಬಗ್ಗೆ ಮಾತಾಡೋಣ. ಪೊಲೀಸ್ ಸ್ಟೇಷನ್‌ಗೆ ಹೋದವರಿಗೆ ಗೋಡೆ ತುಂಬ ಬೋರ್ಡ್ ಕಾಣುತ್ತೆ. ಸಾಹೇಬರ ಹೆಸರು, ಸಹಾಯವಾಣಿ ನಂಬರ್, ಹೆಲ್ಮೆಟ್ ಹಾಕಿ ಅನ್ನೋ ಬುದ್ಧಿಮಾತು. ಇವುಗಳ ಜೊತೆ, ಕಾನೂನಿನ ಪ್ರಕಾರ ಇರಲೇಬೇಕಾದ ಇನ್ನೊಂದು ಪಟ್ಟಿ ಇದೆ. ಈ ಠಾಣೆಯವರು ಯಾರನ್ನು ಬಂಧಿಸಿದ್ದಾರೆ? ಅವರ ವಿಳಾಸ ಏನು? ಆರೋಪ ಯಾವ ಬಗೆಯದ್ದು? ನೀವು ಆ ಪಟ್ಟಿ ನೋಡಿದ್ದೀರಾ? ಕೇಳಬಹುದು ಅಂತಲಾದರೂ ಗೊತ್ತಿತ್ತಾ?

ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಅನ್ನೋ ಊರನ್ನೇ ತಗೊಳ್ಳಿ. ಊರಿನ ಹೆಸರಲ್ಲೇ ತೆಲುಗಿನ ಸದ್ದಿದೆ. ತಾಲ್ಲೂಕಿನ ಸುತ್ತ ಆಂಧ್ರ. ಜಿಲ್ಲಾ ಕೇಂದ್ರ ತುಮಕೂರಿಗೆ ಪಾವಗಡದಿಂದಲೇ ಸುಮಾರು ನೂರು ಕಿಲೋಮೀಟರ್. ಅಲ್ಲಿಗೆ ಒಂದು ರಾತ್ರಿ ಜೀಪು ಬಂತು, ಒಬ್ಬ ಹುಡುಗನನ್ನ ಹತ್ತಿಸಿಕೊಂಡು ಹೋಯ್ತು ಅಂತ ಊಹಿಸಿಕೊಳ್ಳಿ. ಬಂದವರು ಯಾರು? ಪಾವಗಡದವರಾ, ಮಧುಗಿರಿಯವರಾ, ಬೆಂಗಳೂರಿನವರಾ, ಗಡಿಯಾಚೆ ಮಡಕಶಿರಾದವರಾ? ಬೆಳಗ್ಗೆ ಅವನ ತಾಯಿ ಯಾವ ಬಸ್ ಹತ್ತಬೇಕು?

ಪ್ರಶ್ನೆ ಇರೋದು ಇಷ್ಟೇ. ಮಗ ಎಲ್ಲಿದ್ದಾನೆ ಅಂತ ಆ ತಾಯಿ ಕಂಡುಹಿಡಿಯೋದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಟ್ಟಿದ್ದೇ ಒಂದು ಕುಟುಂಬದ ಪರದಾಟದಿಂದ. 1994ರ ಜನವರಿ 7. ಉತ್ತರ ಪ್ರದೇಶದ ಘಾಜಿಯಾಬಾದ್. ಜೋಗಿಂದರ್ ಕುಮಾರ್ ಅನ್ನೋ 28 ವರ್ಷದ ವಕೀಲರನ್ನ ಪೊಲೀಸರು ವಿಚಾರಣೆಗೆ ಅಂತ ಕರೆಸಿದರು. ಸಂಜೆ ಬಿಡ್ತೀವಿ ಅಂದರು. ಬಿಡಲಿಲ್ಲ. ಮನೆಯವರು ಹುಡುಕಾಡಿದರು, ಟೆಲಿಗ್ರಾಂ ಕಳಿಸಿದರು, ಕೊನೆಗೆ ಸುಪ್ರೀಂ ಕೋರ್ಟ್‌ಗೇ ಹೋದರು. ಅಲ್ಲಿ ಪೊಲೀಸರು ಏನಂದರು ಗೊತ್ತಾ? ಅವರನ್ನ ನಾವು ಬಂಧಿಸಿಯೇ ಇಲ್ಲ, ತನಿಖೆಗೆ ಸಹಕಾರ ಕೊಡ್ತಾ ಇದ್ದರು ಅಂತ! ವಕೀಲರ ಕಥೆಯೇ ಹೀಗಾದರೆ ಕೂಲಿಯವನ ಕಥೆ ಏನು? ಅದೇ ವರ್ಷ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ಹೇಳಿತು: ಬಂಧಿಸೋ ಅಧಿಕಾರ ಇದೆ ಅಂದ ಮಾತ್ರಕ್ಕೆ ಬಂಧಿಸೋ ಹಾಗಿಲ್ಲ. ಬಂಧಿಸಿದರೆ, ಆ ವ್ಯಕ್ತಿ ಹೇಳಿದ ಒಬ್ಬರಿಗೆ ವಿಷಯ ತಿಳಿಸಲೇಬೇಕು. ಯಾರಿಗೆ ತಿಳಿಸಿದೆವು ಅನ್ನೋದನ್ನ ಡೈರಿಯಲ್ಲಿ ಬರೀಲೇಬೇಕು.

ಎರಡು ವರ್ಷ ಆದ ಮೇಲೆ, 1996ರ ಡಿಸೆಂಬರ್ 18ರಂದು, ಡಿ.ಕೆ. ಬಸು ಪ್ರಕರಣದ ತೀರ್ಪು ಬಂತು. ಅದಕ್ಕೂ ಹತ್ತು ವರ್ಷ ಹಿಂದೆ, ಲಾಕಪ್ ಸಾವುಗಳ ಪತ್ರಿಕಾ ವರದಿ ಇಟ್ಟುಕೊಂಡು ಪಶ್ಚಿಮ ಬಂಗಾಳದ ಬಸು ಅವರು ಮುಖ್ಯ ನ್ಯಾಯಮೂರ್ತಿಗೆ ಬರೆದ ಒಂದು ಪತ್ರ, ಅಷ್ಟೇ ಅದರ ಮೂಲ. ತೀರ್ಪಿನಲ್ಲಿ 11 ನಿಯಮಗಳು ಬಂದವು. ಬಂಧನದ ಮೆಮೊ ಬರೀಬೇಕು, ಅದರಲ್ಲಿ ದಿನಾಂಕ, ಸಮಯ ಇರಬೇಕು, ಸಾಕ್ಷಿ ಸಹಿ ಇರಬೇಕು. ಬಂಧನದ ಮಾಹಿತಿ 12 ಗಂಟೆಯೊಳಗೆ ಕಂಟ್ರೋಲ್ ರೂಮ್‌ಗೆ ಹೋಗಬೇಕು, ಅಲ್ಲಿನ ಬೋರ್ಡ್ ಮೇಲೆ ಎಲ್ಲರಿಗೂ ಕಾಣಬೇಕು.

ಈಗ 2024ರ ಜುಲೈ 1ರಿಂದ ಜಾರಿಯಲ್ಲಿರೋದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದರ 37ನೇ ಸೆಕ್ಷನ್ ಈ ಬೋರ್ಡನ್ನ ಪ್ರತಿ ಠಾಣೆಗೂ ತಂದಿದೆ. ಪ್ರತಿ ಜಿಲ್ಲೆಯಲ್ಲಿ, ಪ್ರತಿ ಠಾಣೆಯಲ್ಲಿ ಎಎಸ್‌ಐ ದರ್ಜೆಗಿಂತ ಕೆಳಗಿಲ್ಲದ ಒಬ್ಬ ಅಧಿಕಾರಿಗೆ ಇದೇ ಜವಾಬ್ದಾರಿ. ಬಂಧಿತರ ಹೆಸರು, ವಿಳಾಸ, ಆರೋಪದ ಸ್ವರೂಪ ಇಟ್ಟುಕೊಳ್ಳಬೇಕು, ಕಣ್ಣಿಗೆ ಕಾಣೋ ಹಾಗೆ ಪ್ರದರ್ಶಿಸಬೇಕು. ಡಿಜಿಟಲ್ ರೂಪದಲ್ಲೂ ಆಗಬಹುದು.

ಗಡಿ ತಾಲ್ಲೂಕಿನವರು ಇನ್ನೊಂದು ಸೆಕ್ಷನ್ ನಂಬರ್ ನೆನಪಿಟ್ಟುಕೊಳ್ಳಿ, 82. ಬೇರೆ ಜಿಲ್ಲೆಯ ವಾರಂಟ್ ಹಿಡಿದು ಬಂದು ಯಾರನ್ನಾದರೂ ಬಂಧಿಸಿದರೆ, ಆ ವ್ಯಕ್ತಿ ವಾಸ ಮಾಡೋ ಜಿಲ್ಲೆಯ ನಿಯೋಜಿತ ಅಧಿಕಾರಿಗೂ ಕೂಡಲೇ ಮಾಹಿತಿ ಕೊಡಬೇಕು. ಎಲ್ಲಿ ಇಟ್ಟಿದ್ದೀವಿ ಅನ್ನೋದನ್ನೂ ಹೇಳಬೇಕು. ಅಂದರೆ ಮಡಕಶಿರಾದವರು ವಾರಂಟ್ ತಂದು ಕ್ಯಾತಗಾನಚೆರ್ಲುವಿನ ಹುಡುಗನನ್ನ ಹಿಡಿದರೆ, ಆ ಸುದ್ದಿ ತುಮಕೂರಿನ ಅಧಿಕಾರಿಗೆ ತಲುಪಿರಬೇಕು. ಆ ತಾಯಿ ರಾಜ್ಯ ದಾಟಿ ಅಲೆಯಬೇಕಾಗಿಲ್ಲ. ತನ್ನ ಜಿಲ್ಲೆಯವರನ್ನೇ ಕೇಳಬಹುದು.

ನಾನು ಎಂಜಿನಿಯರಿಂಗ್ ಓದಿದವನು. ಅಲ್ಲಿ ಕಲಿತ ಒಂದು ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತೆ. ಯಾವ ಸಿಸ್ಟಮ್ ಕೆಟ್ಟರೂ ಮೊದಲು ನೋಡೋದು ಲಾಗ್. ಯಾವುದು, ಎಷ್ಟು ಗಂಟೆಗೆ ನಡೀತು? ಬಂಧನದಲ್ಲೂ ಅಷ್ಟೇ, ಗಂಟೆಯೇ ಮುಖ್ಯ. ಸಂವಿಧಾನದ 22ನೇ ವಿಧಿ ಹೇಳೋ 24 ಗಂಟೆ, ಪ್ರಯಾಣದ ಸಮಯ ಬಿಟ್ಟು, ಆ ಕ್ಷಣದಿಂದ ಓಡೋಕೆ ಶುರು. ಅಷ್ಟರಲ್ಲಿ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಸೋಮವಾರ ಹಿಡಿದು ಬುಧವಾರ ಹಿಡಿದೆವು ಅಂತ ಬರೆದರೆ, ನಡುವಿನ ಎರಡು ದಿನ ಆ ಮನುಷ್ಯ ಕಾನೂನಿನ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಲಾಕಪ್ ಸಾವು, ಚಿತ್ರಹಿಂಸೆ ಅಂತೆಲ್ಲ ಕೇಳ್ತೀವಲ್ಲ, ಅವು ನಡೆಯೋದು ಹೆಚ್ಚಾಗಿ ಇಂಥ ಬರೆಯದ ಗಂಟೆಗಳಲ್ಲೇ.

ಅದಕ್ಕೇ ಕಾನೂನು ಒಂದೇ ಪುಸ್ತಕ ನಂಬಿ ಕೂತಿಲ್ಲ. ಮೆಮೊದಲ್ಲಿ ಒಂದು ಸಮಯ ಇರುತ್ತೆ. ಠಾಣೆಯ ಡೈರಿಯಲ್ಲಿ ಇನ್ನೊಂದು ನಮೂದು. ಬಂಧಿಸಿದ ಕೂಡಲೇ ವೈದ್ಯರ ತಪಾಸಣೆ ಆಗಬೇಕು, ಆ ವರದಿಯ ಪ್ರತಿಯನ್ನ ಬಂಧಿತನಿಗೋ ಅವನು ಹೇಳಿದವರಿಗೋ ಕೊಡಬೇಕು. ಕೋರ್ಟಿನ ರಿಮಾಂಡ್ ಆದೇಶ ಬೇರೆ, ಜೈಲಿನ ದಾಖಲೆ ಬೇರೆ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಗೂ ಸಿಸಿಟಿವಿ ಕಡ್ಡಾಯ ಮಾಡಿತು. ಇಷ್ಟೂ ಕಡೆ ಒಂದೇ ಸುಳ್ಳು ಹೊಂದಿಸಿ ಬರೆಯೋದು ಕಷ್ಟ. ಪ್ರಾಮಾಣಿಕ ಪೊಲೀಸ್ ಅಧಿಕಾರಿಯ ಮೇಲೆ ಸುಳ್ಳು ಆರೋಪ ಬಂದರೆ ಅವರನ್ನ ಕಾಪಾಡೋದೂ ಇದೇ ದಾಖಲೆ.

ಪಾವಗಡದವರಿಗೆ ಈ ಮಾತಿನ ತೂಕ ಗೊತ್ತು. 2005ರ ಫೆಬ್ರವರಿಯಲ್ಲಿ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಕೆಎಸ್‌ಆರ್‌ಪಿ ಪೊಲೀಸರನ್ನ ಕೊಂದರು. ಆ ಪ್ರಕರಣ ವರ್ಷಗಟ್ಟಲೆ ಎಳೀತು. 2019ರ ಜುಲೈನಲ್ಲಿ ಅದೇ ಪ್ರಕರಣದಲ್ಲಿ ತೆಲುಗು ಕವಿ ವರವರ ರಾವ್ ಅವರನ್ನ ಪುಣೆಯ ಯರವಾಡ ಜೈಲಿನಿಂದ ಕರ್ನಾಟಕ ಪೊಲೀಸರು ವಶಕ್ಕೆ ತಗೊಂಡರು. ಅವತ್ತು ಅವರು ಎಲ್ಲಿದ್ದಾರೆ ಅನ್ನೋದು ದೇಶಕ್ಕೇ ಗೊತ್ತಿತ್ತು, ಟಿವಿಯಲ್ಲಿ ಬರ್ತಾ ಇತ್ತು. ಹೆಸರಿದ್ದವರಿಗೆ ಬೋರ್ಡ್ ಬೇಕಿಲ್ಲ. ಹೆಸರಿಲ್ಲದವನಿಗೆ ಇರೋದು ಆ ಬೋರ್ಡ್ ಒಂದೇ.

ಹಾಗಾದರೆ ಮನೆಯವರು ಏನು ಮಾಡಬೇಕು? ಮೊದಲು ಹತ್ತಿರದ ಠಾಣೆಗೆ ಹೋಗಿ, ನಿಯೋಜಿತ ಅಧಿಕಾರಿ ಯಾರು ಅಂತ ಕೇಳಿ. ಅಲ್ಲಿ ಗೊತ್ತಾಗದಿದ್ದರೆ ಜಿಲ್ಲಾ ಕಂಟ್ರೋಲ್ ರೂಮ್. ಕ್ರೈಂ ನಂಬರ್ ಸಿಕ್ಕರೆ ಕರ್ನಾಟಕ ಪೊಲೀಸ್ ವೆಬ್‌ಸೈಟಲ್ಲಿ ಎಫ್‌ಐಆರ್ ಹುಡುಕಬಹುದು. 2016ರ ಸೆಪ್ಟೆಂಬರ್ 7ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ, ಲೈಂಗಿಕ ಅಪರಾಧ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್ 24 ಗಂಟೆಯಲ್ಲಿ, ಇಂಟರ್ನೆಟ್ ತೊಂದರೆ ಇದ್ದರೆ ಗರಿಷ್ಠ 72 ಗಂಟೆಯಲ್ಲಿ ಅಪ್‌ಲೋಡ್ ಆಗಬೇಕು. ಅದೇ ನಂಬರ್ ಇಟ್ಟುಕೊಂಡು ಇ-ಕೋರ್ಟ್ಸ್‌ನಲ್ಲೂ ಹುಡುಕಬಹುದು. ವಕೀಲರನ್ನಿಡೋ ಶಕ್ತಿ ಇಲ್ಲದಿದ್ದರೆ ಕಾನೂನು ಸೇವೆಗಳ ಸಹಾಯವಾಣಿ 15100. ಜೀವ ಅಥವಾ ಸ್ವಾತಂತ್ರ್ಯದ ವಿಷಯ ಅಂತ ಬರೆದು ಆರ್‌ಟಿಐ ಅರ್ಜಿ ಹಾಕಿದರೆ ಉತ್ತರಕ್ಕೆ 30 ದಿನ ಅಲ್ಲ, 48 ಗಂಟೆ. ಯಾವುದಕ್ಕೂ ಜವಾಬಿಲ್ಲ ಅಂದರೆ ಹೈಕೋರ್ಟ್‌ನಲ್ಲಿ ಹೇಬಿಯಸ್ ಕಾರ್ಪಸ್.

ಈಗ ಇದರ ಇನ್ನೊಂದು ಮುಖ. ದಾಖಲೆ ತೆರೆದಿದೆ ಅಂದ ಮೇಲೆ ಪಕ್ಕದ ಮನೆಯವನ ಹೆಸರು ಹುಡುಕೋಣ, ಗಂಡು ನೋಡೋಕೆ ಮುಂಚೆ ಹುಡುಗನ ಹೆಸರು ಹಾಕೋಣ ಅನ್ನೋ ಆಸೆ ಬರುತ್ತೆ. ಅಮೆರಿಕದಲ್ಲಿ ಇದು ಎಲ್ಲಿಗೆ ಹೋಯ್ತು ನೋಡಿ. ಅಲ್ಲಿ ಅನೇಕ ಕಡೆ ಶೆರಿಫ್ ಕಚೇರಿಗಳೇ ಬಂಧಿತರ ಫೋಟೊ ಸಮೇತ ಬುಕಿಂಗ್ ದಾಖಲೆ ಪ್ರಕಟಿಸುತ್ತವೆ. ಖಾಸಗಿ ವೆಬ್‌ಸೈಟ್‌ಗಳು ಆ ಫೋಟೊ ಎತ್ತಿಕೊಂಡವು. ಕೇಸ್ ಬಿದ್ದುಹೋದವರೂ ತಮ್ಮ ಫೋಟೊ ತೆಗೆಸೋಕೆ ದುಡ್ಡು ಕೊಡಬೇಕಾಯ್ತು. ಕೊನೆಗೆ ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಆ ವಸೂಲಿ ನಿಲ್ಲಿಸೋಕೆ ಕಾನೂನನ್ನೇ ಮಾಡಬೇಕಾಯ್ತು.

ನಮ್ಮಲ್ಲಿ ಆ ಕೆಲಸ ಮಾಡೋದು ಟಿವಿ. ಮೇಜಿನ ಮೇಲೆ ವಶಪಡಿಸಿಕೊಂಡ ಮಾಲು, ಹಿಂದೆ ಸಾಲಾಗಿ ನಿಂತ ಆರೋಪಿಗಳು, ಕೆಳಗೆ ಕೆಂಪು ಪಟ್ಟಿಯಲ್ಲಿ "ಖದೀಮರು ಅಂದರ್". ಬಂಧನದ ದಿನ ಇಡೀ ರಾಜ್ಯ ನೋಡುತ್ತೆ. ಖುಲಾಸೆ ಆದ ದಿನ ಯಾವ ಕ್ಯಾಮೆರಾ ಇರುತ್ತೆ? ಎಫ್‌ಐಆರ್ ಅಂದರೆ ಬಂಧನ ಅಲ್ಲ. ಬಂಧನ ಅಂದರೆ ಅಪರಾಧ ಸಾಬೀತಾಯ್ತು ಅಂತಲೂ ಅಲ್ಲ. ಈ ಮಾತನ್ನ ನನ್ನ ವೃತ್ತಿಯವರು ಮೊದಲು ಗೋಡೆಗೆ ಅಂಟಿಸಿಕೊಳ್ಳಬೇಕು. ಮಕ್ಕಳ ವಿಷಯದಲ್ಲಂತೂ ಕಾನೂನು ಸ್ಪಷ್ಟ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅವರ ಗುರುತು ಬಯಲು ಮಾಡೋದೇ ಅಪರಾಧ.

ಹಾಗಂತ ದಾಖಲೆ ಮುಚ್ಚಿಬಿಡಿ ಅಂತ ನಾನು ಹೇಳಲ್ಲ. ಮುಚ್ಚಿದರೆ ಮೊದಲು ಕಳೆದುಹೋಗೋದು ಕ್ಯಾತಗಾನಚೆರ್ಲುವಿನಂಥ ಊರಿನ ಹುಡುಗರೇ. ಆ ಬೋರ್ಡ್ ಮೇಲೆ ಹೆಸರು ಬರೆಯೋದು ಹುಡುಕಿಕೊಂಡು ಬಂದವರಿಗೆ ಸಿಗಲಿ ಅಂತ. ಅದನ್ನ ಫೋಟೊ ತೆಗೆದು ಊರ ವಾಟ್ಸ್‌ಆಪ್ ಗ್ರೂಪಿಗೆ ಹಾಕಿದರೆ ಅದರ ಉದ್ದೇಶವೇ ಕೆಟ್ಟುಹೋಗುತ್ತೆ.

ಮುಂದಿನ ಸಲ ಯಾವ ಕೆಲಸಕ್ಕಾದರೂ ಠಾಣೆಗೆ ಹೋದಾಗ ಒಂದೇ ಒಂದು ಪ್ರಶ್ನೆ ಕೇಳಿ ಬನ್ನಿ: ಸಾರ್, 37ನೇ ಸೆಕ್ಷನ್ ಬೋರ್ಡ್ ಎಲ್ಲಿದೆ? ಹತ್ತು ಜನ ಕೇಳಿದರೆ, ಇಲ್ಲದ ಕಡೆಯೂ ಬೋರ್ಡ್ ಬರುತ್ತೆ. ನಿಮಗೆ ಅದು ಯಾವತ್ತೂ ಬೇಕಾಗದೇ ಇರಲಿ. ಬೇಕಾದವರಿಗೆ ಮಾತ್ರ ಅದು ಅಲ್ಲಿರಲಿ.