ಇನ್ನೊಂದು ರಿವಾಲ್ವರ್ ಬೇಕೆ?



ಇಂದಿನ ಉಪನ್ಯಾಸದ ವಿಷಯ ಮೇಲ್ನೋಟಕ್ಕೆ ಈ ಸಭೆಗೆ ಹೊಂದದೆಂದು ತೋರಬಹುದು. ಅಮೆರಿಕದ ರಿವಾಲ್ವರ್ ಪ್ರಿಯನೊಬ್ಬನಿಗೆ ಇನ್ನೊಂದು ದೊಡ್ಡ ಕ್ಯಾಲಿಬರಿನ ಕೈಬಂದೂಕು ಬೇಕೆ, ಬೇಡವೆ ಎಂಬುದು ಪ್ರಶ್ನೆ. ಅಹಿಂಸೆಯನ್ನು ಪರಮಧರ್ಮವೆಂದು ಒಪ್ಪಿದವರು ಒಂದೇ ಮಾತಿನಲ್ಲಿ ‘ಬೇಡ’ ಎಂದು ಉತ್ತರಿಸಿ ಎದ್ದುಹೋಗಬಹುದು. ಆದರೆ ಆ ಉತ್ತರ ಆತನನ್ನು ತಲುಪುವುದಿಲ್ಲ; ಉತ್ತರ ಕೊಟ್ಟವರಿಗೂ ಅದರಿಂದ ಏನೂ ದಕ್ಕುವುದಿಲ್ಲ. ಆದುದರಿಂದ ಆತನ ವಾದವನ್ನು ಮೊದಲು ಆತನ ನೆಲದಲ್ಲಿಯೇ ನಿಂತು ಕೇಳುವುದು ನ್ಯಾಯ.

ಐಡಾಹೊ, ಮೊಂಟಾನ, ಅಲಾಸ್ಕಾಗಳಂತಹ ಕಾಡುಬೆಟ್ಟಗಳ ಸೀಮೆಯಲ್ಲಿ ಬಂದೂಕು ಮನೆಯ ಸಾಮಾನುಗಳಲ್ಲಿ ಒಂದು. ಐಡಾಹೊದ ಪಶುಪಾಲಕ, ಬೇಟೆಗಾರ ಮತ್ತು ಲೇಖಕ ಎಲ್ಮರ್ ಕೀತ್ ಹಳೆಯ .44 ಸ್ಪೆಷಲ್ ಕಾಡತೂಸಿನಲ್ಲಿ ಹೆಚ್ಚು ಮದ್ದು ತುಂಬಿ ವರ್ಷಗಟ್ಟಲೆ ಪ್ರಯೋಗ ನಡೆಸಿದನು. ಆತನ ಒತ್ತಾಯದ ಫಲವಾಗಿ ಸ್ಮಿತ್ ಅಂಡ್ ವೆಸನ್ ಮತ್ತು ರೆಮಿಂಗ್ಟನ್ ಕಂಪನಿಗಳು 1955ರ ಕೊನೆಯಲ್ಲಿ .44 ಮ್ಯಾಗ್ನಂ ಎಂಬ ಪ್ರಬಲ ಕಾಡತೂಸನ್ನೂ ಅದಕ್ಕೆ ತಕ್ಕ ರಿವಾಲ್ವರನ್ನೂ ಹೊರತಂದವು. ಆ ರಿವಾಲ್ವರಿಗೆ 1957ರಲ್ಲಿ ‘ಮಾಡೆಲ್ 29’ ಎಂಬ ಹೆಸರಾಯಿತು. 1971ರಲ್ಲಿ ‘ಡರ್ಟಿ ಹ್ಯಾರಿ’ ಚಲನಚಿತ್ರದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಅದನ್ನು ಹಿಡಿದು ನಿಂತ ಮೇಲೆ, ಅಂಗಡಿಯಲ್ಲಿ ಅದು ಸುಲಭವಾಗಿ ಸಿಗದಂತಾಯಿತು. ಕರಡಿಯನ್ನು ಕಂಡೇ ಇಲ್ಲದ ನಗರವಾಸಿಗಳಿಗೂ ಅದು ಬೇಕಾಯಿತು. ಅಗತ್ಯವು ಆಸೆಯಾಗಿ ಮಾರ್ಪಟ್ಟ ಗಳಿಗೆ ಅದು.

ಆಸೆಗೆ ಅಲ್ಲಿಯೇ ತಡೆ ಬೀಳಲಿಲ್ಲ. 1964ರಲ್ಲಿ .41 ಮ್ಯಾಗ್ನಂ ಬಂದಿತು. 1983ರಲ್ಲಿ .454 ಕಾಸುಲ್‌ಗೆಂದೇ ಮಾಡಿದ ರಿವಾಲ್ವರ್ ಮಾರುಕಟ್ಟೆಗೆ ಇಳಿಯಿತು. 2003ರಲ್ಲಿ .500 ಮ್ಯಾಗ್ನಂ, 2005ರಲ್ಲಿ .460 ಮ್ಯಾಗ್ನಂ ಕಾಣಿಸಿಕೊಂಡವು. ಇವುಗಳಲ್ಲಿ .500ರ ಗುಂಡಿನ ಹೊಡೆತ .44ರ ಹೊಡೆತಕ್ಕೆ ಎರಡು ಪಟ್ಟಿಗೂ ಮಿಗಿಲು. ಉದ್ದ ನಳಿಕೆಯ ಆ ರಿವಾಲ್ವರಿನ ತೂಕ ಸುಮಾರು 2 ಕಿಲೋ. ಕಾಡತೂಸು ಅಷ್ಟು ದಪ್ಪವಾದ್ದರಿಂದ ಸಿಲಿಂಡರಿನಲ್ಲಿ ಆರರ ಬದಲು ಐದು ಮಾತ್ರ ಹಿಡಿಯುತ್ತವೆ.

ಈಗ ಒಬ್ಬ ರಿವಾಲ್ವರ್ ಪ್ರಿಯನನ್ನು ಕಲ್ಪಿಸಿಕೊಳ್ಳಬೇಕು. ಆತನ ಬಳಿ .357 ಇದೆ, .44 ಇದೆ. ಕಣ್ಣು ಈಗ .500ರ ಮೇಲೆ. ಆತನ ವಾದಗಳು ಮೂರು. ಕಾಡಿನಲ್ಲಿ ಕರಡಿಯ ಭಯವಿದೆ ಎಂಬುದು ಮೊದಲನೆಯದು. ಬೇಟೆಯಲ್ಲಿ ಪ್ರಾಣಿ ನರಳದೆ ಒಂದೇ ಗುಂಡಿಗೆ ಬೀಳಬೇಕೆಂಬುದು ಎರಡನೆಯದು. ಕೊನೆಯದು ಅತ್ಯಂತ ಪ್ರಾಮಾಣಿಕವಾದುದು: ಉಕ್ಕಿನ ಆ ಕುಸುರಿ, ನೀಲಿ ಹೊಳಪು, ಸಿಲಿಂಡರು ತಿರುಗುವಾಗಿನ ಆ ಕರಾರುವಾಕ್ಕಾದ ಸಪ್ಪಳ, ಇವು ಆತನಿಗೆ ಇಷ್ಟ.

ಮೊದಲ ವಾದವನ್ನು ಪರೀಕ್ಷಿಸೋಣ. ಅಲಾಸ್ಕಾದಲ್ಲಿ ಕರಡಿ ಎದುರಾದ ಘಟನೆಗಳನ್ನು ಕುರಿತು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೆಣಸಿನ ಸ್ಪ್ರೇ ಬಳಸಿದ ಪ್ರಸಂಗಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಾರಿ ಕರಡಿ ಹಿಂದೆ ಸರಿದದ್ದು ಕಂಡುಬಂದಿದೆ. ಬಂದೂಕನ್ನೇ ನೆಚ್ಚುವುದಾದರೂ, ನುಗ್ಗಿಬರುವ ಪ್ರಾಣಿಯ ಮುಂದೆ ಎರಡನೆಯ ಗುಂಡನ್ನು ಗುರಿಯಿಟ್ಟು ಹಾರಿಸಬಲ್ಲ ಕೈ ಮುಖ್ಯ. .500ರ ಒದೆತವನ್ನು ತಾಳಿಕೊಂಡು ಅಂತಹ ಕೈಯನ್ನು ಪಳಗಿಸುವವರು ವಿರಳ. ಎರಡನೆಯ ವಾದಕ್ಕೂ ಉತ್ತರ ಇದೇ: ಗುರಿ ತಪ್ಪಿದ ದೊಡ್ಡ ಗುಂಡು ಪ್ರಾಣಿಯ ನೋವನ್ನು ಕಡಿಮೆ ಮಾಡುವುದಿಲ್ಲ.

ಇನ್ನೊಂದು ಸಂಗತಿಯನ್ನು ಆತನೇ ಬಲ್ಲನು. .44 ಮ್ಯಾಗ್ನಂ ರಿವಾಲ್ವರಿನಲ್ಲಿ ಹಳೆಯ, ಮೃದುವಾದ .44 ಸ್ಪೆಷಲ್ ಕಾಡತೂಸನ್ನೂ ಹಾರಿಸಬಹುದು. ಮ್ಯಾಗ್ನಂ ಕಾಡತೂಸು ಹಳೆಯ ದುರ್ಬಲ ಬಂದೂಕಿನೊಳಗೆ ಹೋಗದಿರಲೆಂದು ಅದರ ಕೋಶವನ್ನು ಸುಮಾರು 3 ಮಿಲಿಮೀಟರಿನಷ್ಟು ಉದ್ದ ಮಾಡಲಾಗಿದೆ, ಅಷ್ಟೇ. ಎಂದರೆ ಅಭ್ಯಾಸಕ್ಕೂ ಕಾಡಿಗೂ ಆತನ ಬಳಿ ಇರುವ ಒಂದೇ ಸಾಕು. ಹೊಸ ರಿವಾಲ್ವರಿನ ಬೆಲೆಯಲ್ಲಿ ಎಷ್ಟೋ ತಿಂಗಳ ಅಭ್ಯಾಸದ ಕಾಡತೂಸು ಬರುತ್ತದೆ. ಉಪಯೋಗದ ತಕ್ಕಡಿಯಲ್ಲಿ ತೂಗಿದರೆ ಉತ್ತರ ಸ್ಪಷ್ಟ: ಬೇಕಾಗಿಲ್ಲ. ಉಳಿಯುವುದು ಮೂರನೆಯ ವಾದ ಒಂದೇ, ಅದು ಇಷ್ಟದ ಮಾತು.

ಇಷ್ಟವು ತಾನಾಗಿ ಅಪರಾಧವಲ್ಲ. ಆದರೆ ಬಂದೂಕಿನ ಇಷ್ಟ ಅಂಚೆಚೀಟಿಯ ಇಷ್ಟದಂತಲ್ಲ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಬಂದೂಕನ್ನು ತಮ್ಮ ಮೇಲೆಯೇ ತಿರುಗಿಸಿಕೊಂಡವರು. ಮನೆಗೆ ಬರುವ ಏಳನೆಯ ಬಂದೂಕಿಗಿಂತ ಮೊದಲನೆಯದೇ ಹೆಚ್ಚಿನ ಅಪಾಯವನ್ನು ತರುತ್ತದೆ ಎಂಬುದನ್ನು ಒಪ್ಪಬೇಕು. ಆದರೂ ಏಳನೆಯದಕ್ಕೂ ಬೀಗ ಬೇಕು, ಕಳ್ಳನಿಂದ ಕಾವಲು ಬೇಕು. ಮನೆಯಲ್ಲಿ ಮಂಕಾಗಿ ಕುಳಿತ ಹದಿಹರೆಯದ ಮಗನ ಕೈಗೆ ಅದು ಎಟುಕಬಾರದು. ಯಜಮಾನ ತೀರಿಕೊಂಡ ಮೇಲೆ ಅದನ್ನೆಲ್ಲ ಏನು ಮಾಡಬೇಕೆಂದು ತಿಳಿಯದೆ ಆತನ ಮಡದಿ ಕಪಾಟಿನ ಮುಂದೆ ನಿಲ್ಲಬೇಕಾಗುತ್ತದೆ. ಕೊಳ್ಳುವ ಸಂತೋಷ ಒಬ್ಬನದು, ಕಾಯುವ ಹೊಣೆ ಇಡೀ ಮನೆಯದು.

ಈ ಪ್ರಶ್ನೆಯನ್ನು ನಮ್ಮ ದೇಶದ ಶಾಸನವೂ ಎದುರಿಸಿದೆ. ಪರವಾನಗಿ ಉಳ್ಳವನಿಗೆ ಮೂರು ಬಂದೂಕುಗಳವರೆಗೆ ಶಸ್ತ್ರಾಸ್ತ್ರ ಕಾಯಿದೆ ಅವಕಾಶ ಕೊಟ್ಟಿತ್ತು. 2019ರಲ್ಲಿ ತಿದ್ದುಪಡಿಗೆಂದು ಮಂಡಿಸಿದ ಮಸೂದೆ ಅದನ್ನು ಒಂದಕ್ಕೆ ಇಳಿಸಲು ಬಯಸಿತು. ಆಕ್ಷೇಪಗಳು ಬಂದ ಮೇಲೆ ಎರಡಕ್ಕೆ ನಿಂತಿತು. ಮಿಗಿಲಾದುದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕಾಯಿತು. ಅಮೆರಿಕದ ಒಕ್ಕೂಟದ ಕಾನೂನಿನಲ್ಲಿ ಹೀಗೆ ಎಣಿಕೆಗೆ ಮಿತಿಯಿಲ್ಲ; ಅಲ್ಲಿ 1791ರ ಎರಡನೆಯ ಸಂವಿಧಾನ ತಿದ್ದುಪಡಿ ಆಯುಧ ಹೊಂದುವುದನ್ನು ಹಕ್ಕೆಂದು ಸಾರಿದೆ. ಇಲ್ಲಿ ಅದು ಸರಕಾರ ಕೊಡುವ ಅನುಮತಿ. ಈ ವ್ಯತ್ಯಾಸಕ್ಕೆ ಹೆಮ್ಮೆಪಡುವವರು ಒಂದನ್ನು ಮರೆಯಬಾರದು: ಶಾಸನ ಕಪಾಟಿನೊಳಗಿನ ಸಂಖ್ಯೆಯನ್ನು ಎಣಿಸಬಲ್ಲುದು, ಮನಸ್ಸಿನೊಳಗಿನ ಮೋಹವನ್ನಲ್ಲ.

ಆ ಕೆಲಸವನ್ನು ಶ್ರಾವಕಾಚಾರ ಮಾಡಹೊರಟಿತು. ಗೃಹಸ್ಥನು ಆತ್ಮರಕ್ಷಣೆಗಾಗಿ, ನಾಡಿನ ರಕ್ಷಣೆಗಾಗಿ ಆಯುಧ ಹಿಡಿಯಬೇಕಾದ ಸಂದರ್ಭವನ್ನು ಜೈನ ಚಿಂತನೆ ‘ವಿರೋಧೀ ಹಿಂಸೆ’ ಎಂದು ಪ್ರತ್ಯೇಕವಾಗಿ ಗುರುತಿಸಿತು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೇ ಗಂಗರ ದಂಡನಾಯಕನಾಗಿದ್ದನು. ಆದರೆ ಅದೇ ಚಿಂತನೆ ಪರಿಗ್ರಹ ಪರಿಮಾಣ ವ್ರತವನ್ನೂ ವಿಧಿಸಿತು: ವಸ್ತು ಕಣ್ಣಮುಂದೆ ಬಂದು ಸೆಳೆಯುವ ಮೊದಲೇ ಗೃಹಸ್ಥನು ತನ್ನ ಮಿತಿಯನ್ನು ತಾನೇ ಗೊತ್ತುಮಾಡಿಕೊಳ್ಳಬೇಕು. ಅಂಗಡಿಯ ಗಾಜಿನ ಮುಂದೆ ನಿಂತು ‘ಬೇಕೆ?’ ಎಂದು ಕೇಳಿಕೊಂಡರೆ ಸಿಗುವ ಉತ್ತರ ಯಾವಾಗಲೂ ‘ಬೇಕು’ ಎಂದೇ. ರಿವಾಲ್ವರ್ ಪ್ರಿಯನಿಗೂ ಇದಕ್ಕಿಂತ ಒಳ್ಳೆಯ ಸಲಹೆ ಇರಲಾರದು. ಸಂಖ್ಯೆಯನ್ನು ಇಂದೇ ನಿಶ್ಚಯಿಸಲಿ; ಹೊಸದೊಂದು ಒಳಬರಬೇಕಾದರೆ ಹಳೆಯದೊಂದು ಹೊರಹೋಗಲಿ; ಎಲ್ಲಕ್ಕೂ ಮೊದಲು ಗಟ್ಟಿಯಾದ ಕಬ್ಬಿಣದ ಪೆಟ್ಟಿಗೆಯೊಂದು ಬರಲಿ.

ಕೊನೆಯದಾಗಿ, ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ಮನೆಗಳಿಗೆ ಸಂಬಂಧಿಸಿದ ಎರಡು ಮಾತು. ಐಡಾಹೊದ ಆ ಮನುಷ್ಯನನ್ನು ನೋಡಿ ನಗುವುದು ಸುಲಭ. ಆದರೆ ಆತನ .500 ಇರುವ ಸ್ಥಳದಲ್ಲಿ ಮೂರನೆಯ ಫ್ಲ್ಯಾಟನ್ನೋ, ಲಾಕರಿನಲ್ಲಿರುವ ಹತ್ತನೆಯ ಜೊತೆ ಬಳೆಯನ್ನೋ ಇಟ್ಟು ನೋಡಿದರೆ ವಾದಗಳು ಅವೇ: ಕಷ್ಟಕಾಲಕ್ಕೆ ಬೇಕು, ಬೆಲೆ ಏರುತ್ತದೆ, ನೋಡಲು ಚೆಂದ. ಎರಡನೆಯ ಮಾತು ಇನ್ನೂ ಕಠಿಣವಾದುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಆಯುಧಗಳನ್ನು ಪರರಿಗೆ ಒದಗಿಸುವುದನ್ನು ‘ಹಿಂಸಾದಾನ’ವೆಂದು ಕರೆದು ಅನರ್ಥದಂಡಗಳಲ್ಲಿ ಎಣಿಸಿದೆ. ಅಮೆರಿಕದ ಬಂದೂಕು ಕಂಪನಿಗಳ ಷೇರುಗಳು ಪೇಟೆಯಲ್ಲಿ ಮಾರಾಟವಾಗುತ್ತವೆ. ಮನೆಯಲ್ಲಿ ಚಾಕುವನ್ನೂ ಜಾಗ್ರತೆಯಿಂದ ಬಳಸುವ ಕುಟುಂಬದ ಉಳಿತಾಯ ಎಲ್ಲೆಲ್ಲಿ ಹೂಡಲ್ಪಟ್ಟಿದೆ ಎಂಬುದನ್ನು ಎಷ್ಟು ಮಂದಿ ತೆರೆದು ನೋಡಿದ್ದಾರೆ? ನೀರನ್ನು ಸೋಸಿ ಕುಡಿಯುವವರು ಲಾಭವನ್ನೂ ಸೋಸಿ ಪಡೆಯಬೇಕಲ್ಲವೆ?

ರಿವಾಲ್ವರ್ ಪ್ರಿಯನಿಗೆ ಇನ್ನೊಂದು ಬೇಕಾಗಿಲ್ಲ. ಅದನ್ನು ಆತನಿಗೆ ಹೇಳುವ ಅಧಿಕಾರ ಮಾತ್ರ, ತನ್ನ ಕಪಾಟನ್ನು ಮೊದಲು ತೆರೆದು ಎಣಿಸಿದವರಿಗೆ ಸಲ್ಲುತ್ತದೆ.