ಓಟು ಕೇಳಲು ಬಂದವರಿಗೆ ಸಾಲಿ ತೋರಿಸೋಣ

(ಮಾಳಮಡ್ಡಿಯ ಮಹಿಳೆಯರ ಸಭೆಯಲ್ಲಿ ಆಡಿದ ಮಾತು)



ನಮ್ಮ ಧಾರವಾಡ ವಿದ್ಯೆಯ ಊರು. ಇಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1917ರಲ್ಲಿ ಕರ್ನಾಟಕ ಕಾಲೇಜು ಬಂತು. ನಮ್ಮ ಮಾಳಮಡ್ಡಿಯಲ್ಲಿ ದಿನಾ ಸಾಲಿಯ ಗಂಟೆ ಕೇಳುತ್ತದೆ. ಆದರೂ ನಾವು ಅಕ್ಷರ ಕಲಿತದ್ದು ಮಕ್ಕಳ ತಾಯಂದಿರಾದ ಮೇಲೆ. ಗಂಟೆ ಕೇಳಿತು, ಸಾಲಿ ಸಿಗಲಿಲ್ಲ.

ನನ್ನ ಕಥೆ ಹೇಳುತ್ತೇನೆ. ಒಂದು ಚುನಾವಣೆಯಲ್ಲಿ ನಮ್ಮ ಮನೆಗೆ ಸೀರೆ ಬಂತು. ಇಸಕೊಂಡೆ. ಕೊಟ್ಟವರಿಗೇ ಓಟು ಹಾಕಿದೆ. ಸೀರೆ ಒಂದು ವರ್ಷಕ್ಕೆ ಹರಿಯಿತು. ಮಗಳ ಸಾಲಿಯ ಹಂಚು ಐದು ಮಳೆಗಾಲ ಸೋರಿದವು. ಅಲ್ಲಿ ಪಾಯಖಾನೆ ಇರಲಿಲ್ಲ. ಮಗಳು ದೊಡ್ಡವಳಾದಳು. “ಯವ್ವಾ, ನಾ ಸಾಲಿಗೆ ಹೋಗಂಗಿಲ್ಲ” ಅಂದಳು. ಏಳನೆಯ ಇಯತ್ತೆಗೆ ಅವಳ ಓದು ನಿಂತಿತು. ಆ ಸೀರೆಯ ಬೆಲೆ ನನಗೆ ಆಗ ತಿಳಿಯಿತು.

ಓಟಿಗಾಗಿ ಸೀರೆ, ರೊಕ್ಕ ಕೊಡುವುದು ಅಪರಾಧ. ತೆಗೆದುಕೊಳ್ಳುವುದೂ ಅಪರಾಧ. ಅದು ಬೇಡ. ಬಂದವರನ್ನು ಕೂಡಿಸಿ, ಚಹಾ ಕೊಟ್ಟು, ಕೇಳೋಣ:

“ಅಣ್ಣಾರ, ನಮ್ಮ ಸಾಲಿ ನೋಡೀರೇನ್ರಿ?”

“ಮಾಸ್ತರ ಎಷ್ಟು ಮಂದಿ ಬೇಕು? ಎಷ್ಟು ಮಂದಿ ಅದಾರ?”

“ಹುಡುಗ್ಯಾರಿಗೆ ಬ್ಯಾರೆ ಪಾಯಖಾನೆ ಐತೇನ್ರಿ? ಕುಡಿಯಾಕ ನೀರು?”

“ಹಿಂದ ಗೆದ್ದಾಗ ಸಾಲಿಗೆ ಏನು ಮಾಡೀರಿ?”

ಇದು ಭಿಕ್ಷೆ ಅಲ್ಲ, ಹಕ್ಕು. 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಆಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೆ ಓದು ಉಚಿತ. ಹುಡುಗಿಯರಿಗೆ ಬೇರೆ ಪಾಯಖಾನೆ, ಕುಡಿಯುವ ನೀರು ಇರಲೇಬೇಕು ಎಂದು ಆ ಕಾಯ್ದೆಯೇ ಹೇಳುತ್ತದೆ.

ಯಾರಿಗೆ ಏನು ಕೇಳಬೇಕು? ಸರಕಾರಿ ಸಾಲಿಗೆ ಮಾಸ್ತರರನ್ನು ನೇಮಿಸುವುದು ರಾಜ್ಯ ಸರಕಾರ. ಅದನ್ನು ವಿಧಾನಸಭೆಯಲ್ಲಿ ಕೇಳಬೇಕಾದವರು ಶಾಸಕರು. ಶಾಸಕರ ನಿಧಿಯಿಂದ ಸಾಲಿಗೆ ಕೋಣೆ ಕಟ್ಟಿಸಬಹುದು. ಸಾಲಿಯ ಮುಂದಿನ ಗಟಾರ, ಕಸ ಮಹಾನಗರ ಪಾಲಿಕೆಯ ಕೆಲಸ. ಅದನ್ನು ವಾರ್ಡಿನ ಸದಸ್ಯರಿಗೆ ಕೇಳಿರಿ.

“ಎಲ್ಲಾ ಮಾಡ್ತೀವ್ರಿ ಅಕ್ಕಾರ” ಅಂದರೆ ಅಷ್ಟಕ್ಕೇ ಬಿಡಬೇಡಿರಿ. “ಏನು? ಯಾವಾಗ?” ಅನ್ನಿರಿ. ಅವರ ಎದುರಿಗೇ ಪಾಟಿಯ ಮೇಲಲ್ಲ, ನೋಟುಬುಕ್ಕಿನಲ್ಲಿ ಬರೆದುಕೊಳ್ಳಿರಿ. ಪಾಟಿ ಅಳಿಸುತ್ತದೆ, ನೋಟುಬುಕ್ಕು ಉಳಿಯುತ್ತದೆ. ವರ್ಷದ ನಂತರ ಓದಿ ತೋರಿಸಿರಿ. ನಾವು ಅಕ್ಷರ ಕಲಿತದ್ದು ಇದಕ್ಕೂ ಹೌದು.

“ಅವರೇ ಸಾಲಿ ಕಲಿತಿಲ್ಲಲ್ಲ?” ಎಂದು ಕೆಲವರು ಕೇಳುತ್ತಾರೆ. ಅವರು ಎಷ್ಟು ಕಲಿತಿದ್ದಾರೆ ಎನ್ನುವುದು ದೊಡ್ಡದಲ್ಲ. ನಮ್ಮ ಮಕ್ಕಳು ಕಲಿಯಲು ಏನು ಮಾಡಿದ್ದಾರೆ? ಅದನ್ನು ನೋಡಿರಿ. ಜಾತಿ ನೋಡಬೇಡಿರಿ, ಬೀಗತನ ನೋಡಬೇಡಿರಿ. ಓಟು ಗುಟ್ಟಿನದು. ಯಾರಿಗೆ ಹಾಕಿದಿರಿ ಎಂದು ಗಂಡನಿಗೂ ಹೇಳಬೇಕಾಗಿಲ್ಲ.

ಕೊನೆಗೆ ಒಂದು ಮಾತು. ನಮ್ಮ ದೇಶದ ಮೊದಲ ಚುನಾವಣೆ ನಡೆದದ್ದು 1951-52ರಲ್ಲಿ. ಆಗ ಎಷ್ಟೋ ಹೆಣ್ಣುಮಕ್ಕಳು ತಮ್ಮ ಹೆಸರು ಹೇಳಲಿಲ್ಲ. “ಇಂಥವರ ಹೆಂಡತಿ, ಇಂಥವರ ತಾಯಿ” ಎಂದಷ್ಟೇ ಬರೆಸಿದರು. ಹಾಗಾಗಿ ಸುಮಾರು 28 ಲಕ್ಷ ಹೆಣ್ಣುಮಕ್ಕಳ ಹೆಸರು ಪಟ್ಟಿಯಿಂದ ಹೋಯಿತು. ಇಂದು ನಾವು ನಮ್ಮ ಹೆಸರು ನಾವೇ ಬರೆಯುತ್ತೇವೆ. ಪಟ್ಟಿಯಲ್ಲಿ ಹೆಸರು ಐತೋ ಇಲ್ಲೋ, ನಾವೇ ಓದಿ ನೋಡೋಣ.

ನನ್ನ ಮೊಮ್ಮಗಳು ಈಗ ಆರನೆಯ ಇಯತ್ತೆ. ಅವಳು ಏಳಕ್ಕೆ ನಿಲ್ಲಬಾರದು. ಈ ಸಲ ನನ್ನ ಓಟು ಅವಳ ಸಾಲಿಗೆ.



ಮಾತಾಡಿರಿ, ಬರೆಯಿರಿ:
1. ನಿಮ್ಮ ಓಣಿಯ ಸಾಲಿಯಲ್ಲಿ ಏನು ಐತಿ? ಏನು ಇಲ್ಲ?
2. ಓಟು ಕೇಳಲು ಬಂದವರಿಗೆ ನೀವು ಕೇಳುವ ಮೊದಲ ಪ್ರಶ್ನೆ ಯಾವುದು?